ಹೊತ್ತು ತಂದೋರ ನಂಬಿಕೆ

ಅಮ್ಮ ತೀರಿಕೊಂಡ ಮೇಲೂ ನಾನು ದೇವಾಲಯಕ್ಕೆ ಹೋಗೋದನ್ನ ಬಿಟ್ಟಿರ್ಲಿಲ್ಲ. ಭಾನುವಾರ ಬೆಳಿಗ್ಗೆ ಸತ್ಯವೇದ, ಅಂದ್ರೆ ಬೈಬಲ್, ಎತ್ಕೊಂಡು ಚರ್ಚಿಗೆ ಹೋಗಿ ಅಮ್ಮ ಕೂರ್ತಿದ್ದ ಬೆಂಚಲ್ಲೇ ಕೂರ್ತಿದ್ದೆ, ಪಾಸ್ಟರ್ ಎದ್ದು ನಿಂತ್ಕೊಳ್ಳಿ ಅಂದಾಗ ಎದ್ದು ನಿಲ್ತಿದ್ದೆ, ಎಲ್ಲರೂ ಆಮೆನ್ ಅಂದಾಗ ನಾನೂ ಅಂತಿದ್ದೆ, ಆದ್ರೆ ಹಾಡು ಶುರು ಆದ್ರೆ ಮಾತ್ರ ಬಾಯೇ ಬರ್ತಿರ್ಲಿಲ್ಲ. ಗಂಟಲಲ್ಲಿ ಏನೋ ಅಡ್ಡ ಬಂದಂಗೆ ಆಗೋದು. ಮನೇಲಿ ಒಬ್ಬಳೇ ಇದ್ದಾಗ ಪ್ರಾರ್ಥನೆ ಮಾಡೋದಂತೂ ಪೂರ್ತಿ ನಿಂತೇ ಹೋಗಿತ್ತು.

ಅಮ್ಮಂಗೆ ಕಿಡ್ನಿ ಎರಡೂ ಹೋಗಿದ್ವು. ಡಯಾಲಿಸಿಸ್ ಮಾಡಿಸ್ತಾ ಇದ್ವಿ, ಅದರ ಜೊತೆಗೇ ಉಪವಾಸ ಪ್ರಾರ್ಥನೆ, ಒಬ್ಬರಾದ್ಮೇಲೆ ಒಬ್ಬರು ಬಿಡದಂಗೆ ಮಾಡೋ ಸರಪಣಿ ಪ್ರಾರ್ಥನೆ, ಸ್ತ್ರೀಯರ ಕೂಟದೋರು ಮನೆಗೆ ಬಂದು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡೋದು, ಎಲ್ಲಾ ನಡೀತಿತ್ತು. ನಾನು ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋದು, ಕಂಪನಿ ಬಸ್ಸಲ್ಲಿ ಕೂತ್ಕೊಂಡು ಹೋಗ್ತಾ ಬರ್ತಾ ಕಣ್ಣು ಮುಚ್ಚಿ ಅದೊಂದನ್ನೇ ಕೇಳ್ಕೋತಿದ್ದೆ. ಆದ್ರೂ ಅಮ್ಮ ಹೋದ್ರು. ಅದಾದ್ಮೇಲೆ ಮನೇಲಿ ಆದರಣೆಯ ಕೂಟ, ಅಂದ್ರೆ ಮನೆಯೋರಿಗೆ ಸಮಾಧಾನ ಹೇಳೋ ಪ್ರಾರ್ಥನೆ, ಇಟ್ಕೊಂಡಿದ್ವಿ, ಅದಕ್ಕೆ ಹೊರಗಿಂದ ಬಂದಿದ್ದ ಒಬ್ಬ ಬೋಧಕರು ಎಲ್ಲರೆದುರಿಗೆ ಹೇಳಿದ್ರು, ಈ ಮನೇಲಿ ಯಾರಿಗೋ ನಂಬಿಕೆ ಸಾಲ್ದೇ ಹೋಯ್ತು, ಇಲ್ಲಾಂದ್ರೆ ಕರ್ತನು ಬಿಡುಗಡೆ ಕೊಡ್ತಿದ್ದ ಅಂತ. ಮನೇಲಿ ಇದ್ದಿದ್ದು ನಾನು, ಅಪ್ಪ, ತಮ್ಮ. ಅಪ್ಪ ತಲೆ ಬಗ್ಗಿಸ್ಕೊಂಡು ಕೂತಿದ್ದರು. ಒಬ್ಬ ಮನುಷ್ಯ ಸತ್ತಿದ್ದಕ್ಕೆ ಅವರ ಮನೆಯೋರ ನಂಬಿಕೇನ ಕಾರಣ ಮಾಡೋದು ಕ್ರೌರ್ಯ, ಅದು ನನಗೆ ಅವತ್ತೂ ಗೊತ್ತಿತ್ತು ಇವತ್ತೂ ಗೊತ್ತು, ಆದ್ರೆ ಗೊತ್ತಿದ್ದ ಮಾತ್ರಕ್ಕೆ ಆ ಮಾತು ಮನಸ್ಸಿಂದ ಹೋಗಲ್ಲ.

ಹಿಂಗಿರೋವಾಗ ನಮ್ಮ ಚರ್ಚಿನ ಸಭೆಯಿಂದ ಜನವರಿಲಿ ವೀಕೆಂಡ್ ರಿಟ್ರೀಟ್ ಇಟ್ಟಿದ್ರು. ಶುಕ್ರವಾರ ಸಂಜೆ ಹೋಗೋದು, ಭಾನುವಾರ ಕರ್ತನ ಭೋಜನ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೊಗೊಳ್ಳೋ ಆರಾಧನೆ, ಮುಗಿಸ್ಕೊಂಡು ವಾಪಸ್ ಬರೋದು. ನಾನು ಬರಲ್ಲ ಅಂದಿದ್ದೆ. ಪಾಸ್ಟರಮ್ಮ ಫೋನ್ ಮಾಡಿ "ನೀನು ಪ್ರಾರ್ಥನೆ ಮಾಡ್ಲೇಬೇಕು ಅಂತ ಏನಿಲ್ಲ ಕಣಮ್ಮ, ಅವರೆಕಾಯಿ ಮೂಟೆಗಟ್ಲೆ ಬರ್ತಿದೆ, ಸುಲಿಯೋಕೆ ಜನ ಬೇಕು, ಬಾ" ಅಂದ್ರು. ಆ ಮಾತಿಗೆ ಒಪ್ಕೊಂಡೆ.

ಜಾಗ ಶ್ರೀನಿವಾಸಪುರದ ಕಡೆ, ಒಂದು ಮಾವಿನ ತೋಪಿನ ನಡುವೆ. ಕೋಲಾರದೋರಿಗೆ ಹೇಳ್ಬೇಕಾಗಿಲ್ಲ, ಆ ಕಡೆ ಎಲ್ಲಿ ನೋಡಿದ್ರೂ ಮಾವೇ. ಜನವರಿಲಿ ಹೂ ಬಿಡೋ ಟೈಮು, ಬಸ್ಸಿಂದ ಇಳೀತಿದ್ದಂಗೆ ಆ ವಾಸನೆ ಮೂಗಿಗೆ ಬಂತು. ಕೋಲಾರದಿಂದ ನಾವು, ಕೆಜಿಎಫ್‌ನಿಂದ ಒಂದು ಗುಂಪು, ಮುಳಬಾಗಿಲು ಕಡೆಯಿಂದ ಒಂದಷ್ಟು ಜನ. ಹಂಗಾಗಿ ಹಾಡುಗಳು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇದ್ವು, ಒಂದೇ ರಾಗಕ್ಕೆ ಮೂರೂ ಭಾಷೆಯೋರು ಅವರವರ ಭಾಷೇಲಿ ಹಾಡ್ತಿದ್ರು. ಫೋನ್‌ಗಳನ್ನ ಒಂದು ಬುಟ್ಟೀಲಿ ಹಾಕಿಸ್ಕೊಂಡ್ರು. ಮೊದಲ ರಾತ್ರಿ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಚಳಿ ಇತ್ತು, ನಿದ್ದೆ ಬರ್ಲಿಲ್ಲ.

ಶನಿವಾರ ಬೆಳಿಗ್ಗೆ ಸತ್ಯವೇದ ಅಧ್ಯಯನ. ತೊಗೊಂಡಿದ್ದು ಮಾರ್ಕನ ಸುವಾರ್ತೆ 2ನೇ ಅಧ್ಯಾಯ. ಸಂಡೇ ಸ್ಕೂಲಿಂದ ಕೇಳ್ಕೊಂಡು ಬಂದಿರೋ ಕಥೆ. ಕಪೆರ್ನೌಮಿನಲ್ಲಿ ಯೇಸು ಒಂದು ಮನೇಲಿದ್ದಾನೆ, ಬಾಗಿಲ ಹತ್ರಾನೂ ಜಾಗ ಇಲ್ದಂಗೆ ಜನ ಸೇರಿದ್ದಾರೆ, ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗೀನ ಹೊತ್ಕೊಂಡು ಬರ್ತಾರೆ, ಒಳಗೆ ಹೋಗೋಕೆ ಆಗಲ್ಲ, ಮಾಳಿಗೆ ಹತ್ತಿ ಅಲ್ಲಿ ತೂತು ಮಾಡಿ ಅವನನ್ನ ಹಾಸಿಗೆ ಸಮೇತ ಕೆಳಗೆ ಇಳಿಸ್ತಾರೆ, ಕೊನೆಗೆ ಯೇಸು ಮಾತಿಗೆ ಅವನು ಎದ್ದು ನಡೀತಾನೆ. ಪಾಸ್ಟರ್ ಆ ಮಾಳಿಗೆ ಬಗ್ಗೆ ತುಂಬಾ ಹೊತ್ತು ಮಾತಾಡಿದ್ರು. ಆ ನಾಡಿನ ಮನೆಗಳ ಮೇಲ್ಛಾವಣಿ ಚಪ್ಪಟೆ, ತೊಲೆ ಇಟ್ಟು, ಅದರ ಮೇಲೆ ಕಡ್ಡಿ ಕೊಂಬೆ ಹಾಸಿ, ಮೇಲೆ ಮಣ್ಣು ಮೆತ್ತಿರೋದು, ಹೊರಗಡೆಯಿಂದ ಮೆಟ್ಟಿಲು ಇರುತ್ತೆ ಅಂತ ಹೇಳ್ತಿದ್ದಂಗೆ ಹಿಂದೆ ಕೂತಿದ್ದ ಮುಳಬಾಗಿಲಿನ ಒಬ್ಬರು ಹಿರಿಯರು "ನಮ್ಮ ಮಾಳಿಗೆ ಮನೆ ಇದ್ದಂಗೇ ಬಿಡಿ ಅಯ್ಯನವ್ರೇ" ಅಂದ್ರು. ಹೌದು, ನಮ್ಮ ಕಡೆ ಹಳೇ ಮಣ್ಣಿನ ಮಾಳಿಗೆ ಮನೆ ನೋಡಿರೋರಿಗೆ ಈ ಕಥೆ ಬಿಡಿಸಿ ಹೇಳ್ಬೇಕಾಗೇ ಇಲ್ಲ, ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ಧಮ್ಮಸು ಮಾಡೋದು, ಬೆಳಕಿಗೆ ಬಿಟ್ಟಿರೋ ಗವಾಕ್ಷಿ, ಎಲ್ಲಾ ಕಣ್ಣೆದುರಿಗೇ ಬರುತ್ತೆ. ಇದೇ ಕಥೆ ಲೂಕನ 5ನೇ ಅಧ್ಯಾಯದಲ್ಲೂ ಇದೆ, ಅಲ್ಲಿ ಹಂಚು ತೆಗೆದು ಇಳಿಸಿದ್ರು ಅಂತಿದೆ. ಹಂಚು ಅಂದ ಕೂಡ್ಲೇ ಪಾಸ್ಟರ್ ಮಂಗಳೂರು ಹಂಚಿಗೆ ಹೋದ್ರು, ಬಾಸೆಲ್ ಮಿಷನ್‌ನೋರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅದು ದೇಶ ಪೂರ್ತಿ ಹೋಗಿದ್ದು. ಅವರಿಗೆ ಚರಿತ್ರೆ ಅಂದ್ರೆ ಪ್ರಾಣ, ನನಗೂ ಅದು ಇಷ್ಟವೇ.

ಆಮೇಲೆ ಒಂದು ವಾಕ್ಯ ಮತ್ತೆ ಮತ್ತೆ ಓದಿಸಿದ್ರು. ಯೇಸು ಅವರ ನಂಬಿಕೇನ ನೋಡಿ ಆ ರೋಗಿ ಹತ್ರ ಮಾತಾಡಿದ ಅಂತ ಇದೆಯಲ್ಲ, ಅದು. ಯಾರ ನಂಬಿಕೆ? ಹಾಸಿಗೆ ಮೇಲಿದ್ದೋನದು ಅಂತ ಅಲ್ಲಿಲ್ಲ, ಹೊತ್ಕೊಂಡು ಬಂದೋರದ್ದೂ ಲೆಕ್ಕಕ್ಕೆ ಬಂತು. ಮಲಗಿದ್ದೋನು ಇಡೀ ಕಥೇಲಿ ಒಂದು ಮಾತೂ ಆಡಲ್ಲ. ಅವನು ನಂಬಿದ್ನೋ ಇಲ್ವೋ, ಬೇಡ ಬಿಡ್ರಪ್ಪಾ ಅಂತ ದಾರೀಲಿ ಬೈಕೊಂಡ್ನೋ, ಏನೂ ಗೊತ್ತಿಲ್ಲ. ನಾನು ಇದನ್ನ ಎಷ್ಟು ಸಲ ಓದಿದ್ದೀನೋ, ಯಾವತ್ತೂ ಅಲ್ಲಿ ನಿಂತು ನೋಡಿರ್ಲಿಲ್ಲ. ಅಲ್ಲೀವರೆಗೂ ನಂಬಿಕೆ ಅಂದ್ರೆ ಒಬ್ಬೊಬ್ಬರೂ ಅವರವರ ಪಾಲಿಂದು ಇಷ್ಟು ಅಂತ ತೋರಿಸ್ಬೇಕಾಗಿರೋ ಲೆಕ್ಕ ಅಂತಾನೇ ನನ್ನ ತಲೇಲಿತ್ತು.

ಆದ್ರೂ ಸುಮ್ನಿರೋಕೆ ಆಗ್ಲಿಲ್ಲ. ಪ್ರಶ್ನೆ ಇದ್ರೆ ಕೇಳಿ ಅಂದಾಗ ಎದ್ದು ಕೇಳಿಬಿಟ್ಟೆ, "ಅಯ್ಯನವ್ರೇ, ನಮ್ಮ ಅಮ್ಮನ್ನೂ ಎಷ್ಟೋ ಜನ ಹೊತ್ಕೊಂಡು ಹೋದ್ವಿ. ನಾವೂ ಮಾಳಿಗೆ ಕಿತ್ತು ಇಳಿಸಿದ್ವಿ ಅನ್ಕೊಳ್ಳಿ. ಅವರು ಎದ್ದು ನಡೀಲಿಲ್ಲ. ಅದಕ್ಕೇನು ಹೇಳ್ತೀರಿ?" ಮಾತಾಡ್ತಾ ನನ್ನ ದನಿ ನಡುಗ್ತಿತ್ತು. ಪಾಸ್ಟರ್ ಪುಸ್ತಕ ಮುಚ್ಚಿ ಪಕ್ಕಕ್ಕೆ ಇಟ್ಟರು. "ಯಾಕೆ ಅಂತ ನನಗೆ ಗೊತ್ತಿಲ್ಲಮ್ಮ" ಅಂದ್ರು ಮೊದಲು. ಆಮೇಲೆ ನಿಧಾನವಾಗಿ, "ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡ್ಕೊಂಡ, ತೊಲಗ್ಲಿಲ್ಲ. ಅಪೊಸ್ತಲ ಪೌಲ ತನ್ನ ಮೈಯಲ್ಲಿ ನಾಟ್ಕೊಂಡಿದ್ದ ಶೂಲ ತೆಗಿ ಅಂತ ಮೂರು ಸಲ ಬೇಡ್ಕೊಂಡ, ತೆಗೀಲಿಲ್ಲ. ಇವರಿಬ್ಬರಲ್ಲಿ ಯಾರಿಗೆ ನಂಬಿಕೆ ಸಾಲ್ದೇ ಹೋಯ್ತು ಅಂತ ಹೇಳೋಣ?" ಅಂದ್ರು. ನಾನು ಕೂತ್ಕೊಂಡೆ. ಗೊತ್ತಿಲ್ಲ ಅಂತ ಒಬ್ಬ ಪಾಸ್ಟರ್ ಬಾಯಲ್ಲಿ ಕೇಳಿದ್ದಕ್ಕೆ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕೆ ಬರಲ್ಲ.

ಅದಾದ್ಮೇಲೆ ಮಧ್ಯಾಹ್ನದ ತನಕ ಮೌನ. ಒಬ್ಬೊಬ್ಬರೂ ಒಂದೊಂದು ಮರದ ಕೆಳಗೆ ಹೋಗಿ ಕೂರ್ಬೇಕು, ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದ್ಬೇಕು. ನನಗೆ ಕೊಟ್ಟಿದ್ದು 88ನೇ ಕೀರ್ತನೆ. ಓದಿದೋರಿಗೆ ಗೊತ್ತಿರುತ್ತೆ, ಬೇರೆ ದುಃಖದ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗಾದ್ರೂ ಒಂದು ಸ್ತೋತ್ರದ ಮಾತು ಬರುತ್ತೆ, ಇದರಲ್ಲಿ ಬರಲ್ಲ, ಕತ್ತಲೇಲೇ ಮುಗಿಯುತ್ತೆ. ಇಷ್ಟು ಸಿಟ್ಟು, ಇಷ್ಟು ದೂರು ಇರೋ ಪ್ರಾರ್ಥನೇನ ಹಿಂದಿನೋರು ಕಿತ್ತು ಬಿಸಾಕದೇ ಸತ್ಯವೇದದಲ್ಲೇ ಉಳಿಸ್ಕೊಂಡಿದ್ದಾರಲ್ಲ ಅನ್ನೋದೇ ನನಗೆ ದೊಡ್ಡ ವಿಷಯ ಅನ್ನಿಸ್ತು.

ಮಧ್ಯಾಹ್ನ ಊಟಕ್ಕೆ ಮುದ್ದೆ, ಬಸ್ಸಾರು. ಊಟ ಆದ್ಮೇಲೆ ಅಡುಗೆಮನೆ ಹಿಂದೆ ಚಾಪೆ ಹಾಕ್ಕೊಂಡು ಅವರೆ ಹಿತಕೋಕೆ ಕೂತ್ವಿ. ಹಿಂದಿನ ರಾತ್ರೀನೇ ಸುಲಿದು ನೆನೆ ಹಾಕಿದ್ರು, ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕಾಳು ಉಬ್ಬಿಕೊಂಡು ಕೂತಿತ್ತು. ಒಂದೊಂದು ಕಾಳನ್ನೂ ಹೆಬ್ಬೆಟ್ಟು ತೋರುಬೆರಳಿನ ಮಧ್ಯ ಇಟ್ಟು ಒತ್ತಿದ್ರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ ಅಂತ ಪಾತ್ರೆಗೆ ಬೀಳುತ್ತೆ. ಸ್ವಲ್ಪ ಹೊತ್ತಲ್ಲೇ ಬೆರಳ ತುದಿ ಎಲ್ಲಾ ನೀರಲ್ಲಿ ನೆಂದು ಸುಕ್ಕಾಗುತ್ತೆ, ಸೊಗಡು ಕೈಗೆ ಅಂಟ್ಕೊಂಡ್ರೆ ಸೋಪು ಹಾಕಿದ್ರೂ ಹೋಗಲ್ಲ. ಜನ ಬೇಕು ಅಂತ ಪಾಸ್ಟರಮ್ಮ ಅಂದಿದ್ದು ಸುಮ್ನೆ ಅಲ್ಲ, ಅಷ್ಟು ಜನಕ್ಕೆ ಹಿತಕಿದ ಬೇಳೆ ಸಾರು ಮಾಡ್ಬೇಕಂದ್ರೆ ಅಷ್ಟು ಕೈ ಬೇಕೇ ಬೇಕು.

ನನ್ನ ಪಕ್ಕದಲ್ಲಿ ಮಾಲೂರು ಕಡೆ ಹಳ್ಳಿಯಿಂದ ಬಂದು ಕೋಲಾರದಲ್ಲಿ ಮಗಳ ಮನೇಲಿರೋ ಒಬ್ಬರು ಅಜ್ಜಿ ಕೂತಿದ್ರು. ನಾನು ಎರಡು ಕಾಳು ಹಿತಕೋ ಅಷ್ಟರಲ್ಲಿ ಅವರದು ಒಂದು ಹಿಡಿ ಆಗಿರೋದು. "ಬೆಳಿಗ್ಗೆ ಎದ್ದು ಕೇಳಿದ್ದು ನೀನೇ ಅಲ್ವಾ ಮಗ" ಅಂದ್ರು. ಹೂಂ ಅಜ್ಜಿ ಅಂದೆ. ಆಮೇಲೆ ಅವರೇ ಹೇಳ್ತಾ ಹೋದ್ರು. ಅವರ ತಾಯಿಗೆ ಹೆರಿಗೆ ಕಷ್ಟ ಆಗಿ, ಸೂಲಗಿತ್ತಿ ನನ್ನ ಕೈಯಲ್ಲಿ ಆಗಲ್ಲ ಅಂದುಬಿಟ್ಟಾಗ, ಹಗ್ಗದ ಮಂಚದ ಮೇಲೆ ಮಲಗಿಸಿ, ರಾತ್ರಿ ಹೊತ್ತಲ್ಲಿ, ಲಾಟೀನು ಹಿಡ್ಕೊಂಡು, ಕೆರೆ ಏರಿ ಮೇಲೆ ನಡ್ಕೊಂಡು ಕೋಲಾರದ ಮಿಷನ್ ಆಸ್ಪತ್ರೆಗೆ ತಂದಿದ್ರಂತೆ. ಮಿಷನ್ ಆಸ್ಪತ್ರೆ ಅಂದ್ರೆ ಇ.ಟಿ.ಸಿ.ಎಂ., ಮೆಥೋಡಿಸ್ಟ್ ಮಿಷನ್‌ನೋರು 1910ರಲ್ಲಿ ಶುರು ಮಾಡಿದ್ದು, ಹಳೇ ತಲೆಮಾರಿನೋರಿಗೆ ಅದು ಇವತ್ತಿಗೂ ಮಿಷನ್ ಆಸ್ಪತ್ರೇನೇ. ಅಲ್ಲಿ ಹುಟ್ಟಿದ್ದು ಈ ಅಜ್ಜಿ.

"ಮಂಚ ಹೊತ್ತಿದ್ದು ಯಾರು ಗೊತ್ತಾ? ಆಗಿನ್ನೂ ನಮ್ಮನೆಯೋರು ಯಾರೂ ಸಭೆಗೆ ಸೇರಿರ್ಲಿಲ್ಲ. ಒಬ್ಬರು ನಮ್ಮಪ್ಪ, ಒಬ್ಬರು ನಮ್ಮೂರ ಮಾರಮ್ಮನ ಗುಡಿ ಪೂಜಾರಪ್ಪ, ಒಬ್ಬ ಸಾಬರ ಹುಡುಗ, ಇನ್ನೊಬ್ಬರು ಯಾರು ಅಂತ ಅಮ್ಮಂಗೇ ಗೊತ್ತಿರ್ಲಿಲ್ಲ, ದಾರೀಲಿ ಹೋಗ್ತಿದ್ದೋರು ಹೆಗಲು ಕೊಟ್ರಂತೆ" ಅಂದ್ರು.

ನಾನು ಹಿತಕೋದು ನಿಲ್ಲಿಸಿ ಅವರ ಮುಖ ನೋಡ್ದೆ. ಮಾರ್ಕನ ಕಥೇಲೂ ಆ ನಾಲ್ಕು ಜನರ ಹೆಸರಿಲ್ಲ. ಅವರು ಏನು ನಂಬ್ತಿದ್ರು, ಯಾವ ಪ್ರಾರ್ಥನೆ ಮಾಡ್ತಿದ್ರು ಅಂತಾನೂ ಇಲ್ಲ. ಹೊತ್ಕೊಂಡು ಬಂದ್ರು, ಬಾಗಿಲಲ್ಲಿ ಜಾಗ ಇಲ್ಲ ಅಂತ ವಾಪಸ್ ಹೋಗ್ಲಿಲ್ಲ, ಅಷ್ಟೇ ಇರೋದು. ಯೇಸು ನೋಡಿದ್ದು ಅದನ್ನೇ.

ಅಜ್ಜಿ ಮಾತು ಅಲ್ಲಿಗೆ ನಿಲ್ಲಿಸ್ಲಿಲ್ಲ. ಅವರಿಗೆ ಒಬ್ಬ ಮಗ ಇದ್ದ, ಬೈಕ್ ಆಕ್ಸಿಡೆಂಟಲ್ಲಿ ಹೋದ. ಅದಾದ್ಮೇಲೆ ವರ್ಷಗಟ್ಟಲೆ ದೇವಾಲಯದಲ್ಲಿ ಹಾಡೇ ಹಾಡ್ಲಿಲ್ಲವಂತೆ. "ಹೋಗಿ ಕೂರ್ತಿದ್ದೆ ಅಷ್ಟೇ. ನನ್ನ ಪಕ್ಕ ಕೂರ್ತಿದ್ದೋಳು ಜೋರಾಗಿ ಹಾಡೋಳು, ನನ್ನ ಪಾಲಿಂದೂ ಅವಳೇ ಹಾಡ್ತಾವ್ಳೆ ಅಂದ್ಕೊಂಡು ಕೂತಿರ್ತಿದ್ದೆ." ಅವರ ಪಕ್ಕ ಕೂರ್ತಿದ್ದೋರು ಯಾರು ಅಂತ ನಾನು ಕೇಳಿದೆ. ಅಜ್ಜಿ ಪಾತ್ರೆಯಿಂದ ತಲೆ ಎತ್ತದೇನೇ "ನಿಮ್ಮಮ್ಮನೇ ಕಣವ್ವ" ಅಂದ್ರು.

ಅಮ್ಮ ಹಾಡ್ತಿದ್ದಿದ್ದು ಜೋರಾಗೇ. ಶ್ರುತಿ ಇರ್ತಿರ್ಲಿಲ್ಲ, ಚಿಕ್ಕವಳಿದ್ದಾಗ ನನಗೆ ಅದಕ್ಕೆ ನಾಚಿಕೆ ಆಗೋದು, ಸ್ವಲ್ಪ ಮೆಲ್ಲಗೆ ಹಾಡಮ್ಮ ಅಂತ ಮೊಣಕೈಯಲ್ಲಿ ತಿವೀತಿದ್ದೆ. ಅದರಿಂದ ಒಬ್ಬರು ಅಷ್ಟು ಕಾಲ ಹೊರೆ ಇಳಿಸ್ಕೊಂಡು ಕೂತಿದ್ರು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು. ಅಲ್ಲೇ ಕೂತು ಅತ್ತೆ. ಕೈ ತುಂಬಾ ಅವರೆ ಸೊಗಡು, ಕಣ್ಣೊರೆಸ್ಕೊಳ್ಳೋಕೂ ಆಗ್ತಿಲ್ಲ, ಅಜ್ಜಿ ತಮ್ಮ ಸೆರಗಲ್ಲೇ ಒರೆಸಿದ್ರು.

ರಾತ್ರಿ ಸಾಕ್ಷಿ ಹೇಳೋ ಕೂಟ ಇತ್ತು, ಒಬ್ಬೊಬ್ಬರೂ ತಮ್ಮ ಬದುಕಿನ ಅನುಭವ ಹೇಳ್ಕೊಳ್ಳೋದು. ಕೆಜಿಎಫ್‌ನ ಒಬ್ಬ ಅಣ್ಣ ಹೇಳಿದ್ದು ನೆನಪಲ್ಲಿದೆ. ಅವರ ತಂದೆ ಚಿನ್ನದ ಗಣೀಲಿ ಕೆಲಸ ಮಾಡ್ತಿದ್ದೋರು, 2001 ಫೆಬ್ರವರೀಲಿ ಗಣಿ ಮುಚ್ಚಿದಾಗ ಕಾರ್ಮಿಕರ ಮನೆಗಳ ಇಡೀ ಲೈನಿಗೆ ಲೈನೇ ಕೆಲಸ ಇಲ್ದಂಗಾಯ್ತು, ಆಗ ಯಾರ ಮನೇಲಿ ಅಕ್ಕಿ ಇದ್ರೆ ಅವರು ಪಕ್ಕದ ಮನೆಗೆ ಕೊಡೋದು, ಯಾವ ಚರ್ಚು ಯಾವ ದೇವರು ಅಂತ ಯಾರೂ ಕೇಳ್ತಿರ್ಲಿಲ್ಲ ಅಂದ್ರು. ಈಗ ಅವರು ದಿನಾ ಬೆಳಗಿನ ಜಾವದ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ಬೋಗೀಲಿ ಒಂದು ಪ್ರಾರ್ಥನೆ ಗುಂಪು ಮಾಡ್ಕೊಂಡಿದ್ದಾರಂತೆ. ನನ್ನನ್ನೂ ಮಾತಾಡು ಅಂದ್ರು, ನಾನು ಬೇಡ ಅಂದೆ, ಯಾರೂ ಬಲವಂತ ಮಾಡ್ಲಿಲ್ಲ.

ಭಾನುವಾರ ಮರದ ಕೆಳಗೇ ಆರಾಧನೆ, ಕರ್ತನ ಭೋಜನ. ಅವತ್ತೂ ನಾನು ಹಾಡ್ಲಿಲ್ಲ. ಆದ್ರೆ ಹಾಡೋಕೆ ಆಗ್ತಿಲ್ವಲ್ಲ ಅಂತ ಮುಂಚೆ ಆಗ್ತಿದ್ದ ಭಯ ಆಗ್ಲಿಲ್ಲ. ಅಜ್ಜಿ ನನ್ನ ಪಕ್ಕ ನಿಂತಿದ್ರು, ಹಾಡ್ತಿದ್ರು, ನಾನು ಕೇಳಿಸ್ಕೊಂಡು ನಿಂತಿದ್ದೆ. ಅಮ್ಮನ ವಿಷಯದಲ್ಲಿ ದೇವರ ಮೇಲಿನ ನನ್ನ ಪ್ರಶ್ನೆ ಇನ್ನೂ ಇದೆ, ಅದಕ್ಕೆ ಉತ್ತರ ಸಿಕ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ನಮ್ಮ ನಂಬಿಕೆ ಸಾಲ್ಲಿಲ್ಲ ಅನ್ನೋ ಮಾತನ್ನ ಅವತ್ತಿಂದ ನಾನು ಒಪ್ಪಲ್ಲ. ಮನೆಗೆ ಬಂದು ಅಪ್ಪಂಗೆ ಮಾರ್ಕನ ಆ ಭಾಗ ಓದಿ, ಪಾಸ್ಟರ್ ಹೇಳಿದ್ದೆಲ್ಲಾ ಹೇಳ್ದೆ. ಅಪ್ಪ ಪೂರ್ತಿ ಕೇಳಿ, ಆ ಬೋಧಕರು ಹಂಗಂದಾಗ ನಾನು ಎದ್ದು ಹೊರಗೆ ಹೋಗ್ಬೇಕಿತ್ತು ಕಣೆ ಅಂದ್ರು. ಆ ವಿಷಯ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

ಈಗ ನಮ್ಮ ಸ್ತ್ರೀಯರ ಕೂಟದಿಂದ ಡಯಾಲಿಸಿಸ್‌ಗೆ ಬರೋರ ಮನೆಯೋರನ್ನ ನೋಡೋಕೆ ಆಸ್ಪತ್ರೆಗೆ ಹೋಗ್ತೀವಿ, ರಜಾ ಇದ್ದಾಗ ನಾನೂ ಹೋಗ್ತೀನಿ. ಅಲ್ಲಿ ಪೇಷೆಂಟ್ ಒಳಗೆ ಮಲಗಿದ್ರೆ ಜೊತೇಲಿ ಬಂದೋರು ಗಂಟೆಗಟ್ಲೆ ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ, ತಿಂಡಿ ಕೂಡ ತಿಂದಿರಲ್ಲ, ಪೇಷೆಂಟ್ ಒಬ್ಬರನ್ನೇ ಬಿಟ್ಟು ಕ್ಯಾಂಟೀನಿಗೆ ಹೋಗೋಕೆ ಹೆದರಿಕೆ. ನಾವು ಇಡ್ಲಿ, ಫ್ಲಾಸ್ಕಲ್ಲಿ ಕಾಫಿ ತೊಗೊಂಡು ಹೋಗ್ತೀವಿ. ಯಾವ ಜಾತಿ, ಯಾವ ದೇವರು ಅಂತ ಕೇಳಲ್ಲ. ಪ್ರಾರ್ಥನೆ ಮಾಡಿ ಅಂತ ಅವರಾಗೇ ಹೇಳಿದ್ರೆ ಮಾಡ್ತೀವಿ, ಇಲ್ಲಾಂದ್ರೆ ಅವರು ತಿಂದು ಬರೋ ತನಕ ಅವರ ಜಾಗದಲ್ಲಿ ಕೂತಿರ್ತೀವಿ.