ಎರಡರ ಮೂವತ್ತೊಂದನೇ ಘಾತದಲ್ಲಿ ಒಂದು ಕಡಿಮೆ

2147483647. ಇದು 2³¹ − 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 31 ಒಂದುಗಳು. ಇದು ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ಕೈಲೆಕ್ಕದಿಂದಲೇ ಸಾಧಿಸಿದ. ಆ ದಾರಿ ಎಷ್ಟು ಚೆಂದವಿದೆಯೆಂದರೆ ಗಣಿತದಲ್ಲಿ ಆಸಕ್ತಿಯಿರುವ ಪ್ರತಿಯೊಬ್ಬರೂ ಒಮ್ಮೆ ಕಾಗದ ಹಿಡಿದು ಮಾಡಿ ನೋಡಬೇಕು.

31 ಅವಿಭಾಜ್ಯ, ಆದ್ದರಿಂದ 2³¹ − 1 ಕೂಡ ಅವಿಭಾಜ್ಯ ಎನ್ನುವಂತಿಲ್ಲ. 2¹¹ − 1 = 2047 = 23 × 89. 29ರಲ್ಲೂ ಹಾಗೆಯೇ: 2²⁹ − 1 = 233 × 1103 × 2089. ಭಾಗಿಸಿಯೇ ನೋಡಬೇಕು, ವರ್ಗಮೂಲದವರೆಗೆ ನೋಡಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 46340.95, ಅಷ್ಟರೊಳಗೆ 4,700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ.

ಆದರೆ ಎಲ್ಲವೂ ಬೇಕಿಲ್ಲ. 'ಭ' ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 2³¹ನ್ನು ಭದಿಂದ ಭಾಗಿಸಿದರೆ ಶೇಷ 1. ಘಾತ 31 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವುದಿಲ್ಲ. ಇತ್ತ ಫರ್ಮಾನ ಪ್ರಮೇಯದಂತೆ ಭ − 1ನೇ ಘಾತದಲ್ಲೂ ಶೇಷ 1 ಬರಲೇಬೇಕು. ಹಾಗಾಗಿ ಭ − 1 ಎಂಬುದು 31ರಿಂದ ಭಾಗವಾಗುತ್ತದೆ; ಭ ಬೆಸ, ಆದ್ದರಿಂದ ಅದರ ರೂಪ 62ಕ + 1 (ಕ ಒಂದು ಪೂರ್ಣಾಂಕ). ಇನ್ನೊಂದು ಜರಡಿಯೂ ಇದೆ. 2³² ಒಂದು ಪೂರ್ಣವರ್ಗ, ಅದರ ಶೇಷ 2. ಹೀಗೆ 2 ವರ್ಗಶೇಷವಾದಾಗ, ಅಂದರೆ ಒಂದು ಪೂರ್ಣವರ್ಗದ ಶೇಷವಾದಾಗ, ಭವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬೇಕು. ಎರಡೂ ಜರಡಿಗಳನ್ನು ಒಟ್ಟಿಗೆ ಹಿಡಿದರೆ ಉಳಿಯುವುದು 248ಕ + 1, 248ಕ + 63 ರೂಪಗಳು ಮಾತ್ರ: ವರ್ಗಮೂಲದೊಳಗೆ ಒಟ್ಟು 373 ಸಂಖ್ಯೆಗಳು, ಅವುಗಳಲ್ಲಿ ಅವಿಭಾಜ್ಯ 84. ಮೊದಲನೆಯದು 311, ಭಾಗಿಸಿದರೆ ಶೇಷ 35. ಉಳಿದ 83ರಲ್ಲೂ ಶೇಷ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಇದರಿಂದ ಶೇಷ ತೆಗೆಯಲು ಭಾಗಾಕಾರವೇ ಬೇಡ. 2³¹ರ ಶೇಷ 1 ಆದ್ದರಿಂದ, ಇದಕ್ಕಿಂತ ಚಿಕ್ಕ ಎರಡು ಸಂಖ್ಯೆಗಳ 62 ಬಿಟ್‌ಗಳ (ದ್ವಿಮಾನ ಅಂಕಿಗಳ) ಗುಣಲಬ್ಧದ ಕೆಳಗಿನ 31 ಬಿಟ್‌ಗಳಿಗೆ ಮೇಲಿನ ಭಾಗವನ್ನು ಕೂಡಿಸಿ. ಮೊತ್ತ 2147483647 ಅಥವಾ ಹೆಚ್ಚಾದರೆ ಒಮ್ಮೆ ಕಳೆಯಿರಿ. 'ಹೆಚ್ಚಾದರೆ' ಎಂದಷ್ಟೇ ಪರೀಕ್ಷಿಸಿದರೆ ಸೊನ್ನೆಗೆ 0, 2147483647 ಎಂಬ ಎರಡು ರೂಪಗಳು ಉಳಿದು ಹೋಲಿಕೆಗಳು ಕೆಡುತ್ತವೆ.

ಯಾದೃಚ್ಛಿಕ ಸಂಖ್ಯೆಗಳ ಹಳೆಯ ಸೂತ್ರವೊಂದು ಇದರ ಮೇಲೆಯೇ ನಿಂತಿದೆ: ಹಿಂದಿನ ಸಂಖ್ಯೆಯನ್ನು 16807ರಿಂದ, ಅಂದರೆ 7⁵ರಿಂದ, ಗುಣಿಸಿ ಶೇಷ ತೆಗೆಯುವುದು. 2ರಿಂದ ಗುಣಿಸಿದರೆ 31 ಹೆಜ್ಜೆಗೇ ಹೊರಟಲ್ಲಿಗೆ ಬರುತ್ತೇವೆ. ಬಿಟ್‌ಗಳು ಸುತ್ತು ಹಾಕುತ್ತವೆ, ಅಷ್ಟೇ. 7 ಹಾಗಲ್ಲ, ಅದರ ಘಾತಗಳು 1ರಿಂದ 2147483646ರವರೆಗಿನ ಎಲ್ಲವನ್ನೂ ಮುಟ್ಟುತ್ತವೆ. 2147483646 = 2 × 3² × 7 × 11 × 31 × 151 × 331; ಇದರಲ್ಲಿ 5 ಇಲ್ಲ, ಆದ್ದರಿಂದ 7⁵ಕ್ಕೂ ಪೂರ್ಣ ಸುತ್ತು ಸಿಗುತ್ತದೆ. 7²ಕ್ಕೆ ಅರ್ಧ ಮಾತ್ರ. ಬೀಜ, ಅಂದರೆ ಶುರುವಿನ ಸಂಖ್ಯೆ, ಸೊನ್ನೆಯಾದರೆ ಸೊನ್ನೆಯಲ್ಲೇ ನಿಲ್ಲುತ್ತದೆ. ಪಾಸ್‌ವರ್ಡ್ ಕೆಲಸಕ್ಕಂತೂ ಇದು ಬೇಡವೇ ಬೇಡ: ಒಂದು ಸಂಖ್ಯೆ ಸಿಕ್ಕರೆ ಮುಂದಿನದೆಲ್ಲ ತಿಳಿಯುತ್ತದೆ.

ಬರೆದ ಕೋಡ್ ಸರಿಯಿದೆಯೇ? 1ರಿಂದ ಶುರುಮಾಡಿ 10,000 ಹೆಜ್ಜೆ ನಡೆಸಿ, 1043618065 ಬರಬೇಕು. ಬಾರದಿದ್ದರೆ ಮೊದಲು ಗುಣಾಕಾರ ನೋಡಿ: 32 ಬಿಟ್‌ಗಳಲ್ಲಿ ಗುಣಲಬ್ಧ ಹಿಡಿಸದೆ ಮೇಲಿನ ಭಾಗ ಕತ್ತರಿಸಿ ಹೋಗಿರುವ ಸಂಭವವೇ ಹೆಚ್ಚು.