ಕಾದರೆ ಮಡಚಿಕೊಳ್ಳೋ ಪಿಕ್ಚರ್: ಇಸಿ ಟಿವಿ ಎಲ್ಲಿಗೆ ಬಂತು

ಅಂತೂ ಕಳ್ಳ ಸಿಕ್ಕ! ನಾನು ರಿಪೇರಿ ಮಾಡ್ತಿರೋ ಹಳೇ ಇಸಿಐಎಲ್ (ಹೈದರಾಬಾದಿನ ಸರ್ಕಾರಿ ಕಂಪನಿ) ಹೈಬ್ರಿಡ್ ಟಿವಿ, ಅಂದರೆ ವಾಲ್ವ್, ಟ್ರಾನ್ಸಿಸ್ಟರ್ ಎರಡೂ ಇರೋ ಸೆಟ್ಟು, ಅದರ ಪಿಕ್ಚರ್ ಕೆಳಗಿನಿಂದ ಮಡಚಿಕೊಳ್ಳುತ್ತಿದ್ದುದಕ್ಕೆ ಕಾರಣ ಒಂದು ಕೆಪಾಸಿಟರ್. ಅದೂ ರಿಪೇರಿಗೆ ಅಂತ ನಾನೇ ಹಾಕಿದ್ದ ಹೊಚ್ಚ ಹೊಸದು.

ಕ್ಯಾಬಿನೆಟ್ಟಿನ ಗೆದ್ದಲು, ತುಕ್ಕು ಹಿಡಿದ ಟ್ಯೂನರ್, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು, ಇವನ್ನೆಲ್ಲ ಸರಿಪಡಿಸೋದು ಮುಗಿದಿತ್ತು. ಹಚ್ಚಿದ ಕೂಡಲೇ ಪಿಕ್ಚರ್ ಚೆಂದವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಾದರೆ ಕೆಳಗೆ ಎರಡು ಬೆರಳಷ್ಟು ಕಪ್ಪು, ಅದರ ಮೇಲೊಂದು ಬೆಳ್ಳನೆಯ ಪಟ್ಟಿ. ಸುದ್ದಿ ಓದುವವರ ಮೇಜು ಎದೆಗೇ ಬಂದು ಕೂರುತ್ತಿತ್ತು.

ಪಿಕ್ಚರನ್ನು ಮೇಲಿಂದ ಕೆಳಕ್ಕೆ ಹರಡಿಸೋ ಪಿಸಿಎಲ್ 805 ವಾಲ್ವ್ ಬದಲಿಸಿದೆ. ಅದರ ಕ್ಯಾಥೋಡ್ ರೆಸಿಸ್ಟರ್, ಬೈಪಾಸ್ ಕೆಪಾಸಿಟರ್, ಪಿಕ್ಚರ್ ಟ್ಯೂಬಿನ ಕತ್ತಿನ ಸುರುಳಿಯ (ಯೋಕ್) ಥರ್ಮಿಸ್ಟರ್ ಎಲ್ಲ ಸರಿ ಇದ್ದವು. ಸುಳಿವು ಕೊಟ್ಟದ್ದು ಕಲಬುರಗಿಯ ಬಿಸಿಲು. ಬೆಳಗಿನ ತಂಪಿನಲ್ಲಿ ಬಹಳ ಹೊತ್ತು ಗಟ್ಟಿಯಾಗಿ ನಿಲ್ಲೋ ಪಿಕ್ಚರ್, ಮಧ್ಯಾಹ್ನ ಹಚ್ಚಿದರೆ ಬೇಗನೇ ಮಡಚಿಕೊಳ್ಳುತ್ತಿತ್ತು. ಶಾಖಕ್ಕೆ ಏನೋ ಸೋರುತ್ತಿದೆ ಅಂತ ಆಯ್ತಲ್ವಾ?

ಆ ವಾಲ್ವಿನ ಪೆಂಟೋಡ್ ಭಾಗದ ಗ್ರಿಡ್ಡಿಗೆ (ಕರೆಂಟಿನ ಹರಿವನ್ನು ಹತೋಟಿಯಲ್ಲಿಡೋ ಜಾಲರಿ) ಮೀಟರ್ ಹಿಡಿದೆ. ಸೆಟ್ ತಣ್ಣಗಿದ್ದಾಗ ಸೊನ್ನೆಯ ಹತ್ತಿರ. ಕಾದಂತೆ ಪ್ಲಸ್ ಕಡೆಗೆ ಏರಿ ನಾಲ್ಕು ವೋಲ್ಟ್ ದಾಟಿತು. ವಾಲ್ವಿನದೇ ಗ್ರಿಡ್ ಎಮಿಷನ್ನೋ (ಕಾದ ಗ್ರಿಡ್ಡೇ ಎಲೆಕ್ಟ್ರಾನ್ ಸೂಸೋದು), ಗ್ರಿಡ್ಡಿಗೆ ಸಿಗ್ನಲ್ ದಾಟಿಸಿ ಡಿಸಿ ತಡೆಯೋ ಕಪ್ಲಿಂಗ್ ಕೆಪಾಸಿಟರ್ ಸೋರಿಕೆಯೋ? ವಾಲ್ವ್ ಕಿತ್ತು ನೋಡೋಣ ಅಂದರೆ ಹೀಟರ್‌ಗಳೆಲ್ಲ ಒಂದೇ ಸರಣಿಯಲ್ಲಿವೆ, ಒಂದು ಕಿತ್ತರೆ ಎಲ್ಲವೂ ಆರುತ್ತವೆ. ಅದಕ್ಕೆ ಕೆಪಾಸಿಟರಿನ ಒಂದು ಕಾಲು ಎತ್ತಿದೆ. ಪರದೆಯ ಮಧ್ಯೆ ಒಂದೇ ಗೆರೆ ಉಳಿಯಿತು. ಫಾಸ್ಫರ್ ಸುಡಬಾರದು ಅಂತ ಬ್ರೈಟ್‌ನೆಸ್ ಪೂರ್ತಿ ಇಳಿಸಿ, ವಾಲ್ವ್ ಚೆನ್ನಾಗಿ ಕಾಯೋವರೆಗೂ ಬಿಟ್ಟೆ. ಗ್ರಿಡ್ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ! ಅಂದರೆ ತಪ್ಪು ವಾಲ್ವಿನದಲ್ಲ, ಕೆಪಾಸಿಟರಿನದೇ.

ಮಲ್ಟಿಮೀಟರ್ ಮಾತ್ರ ಈ ಕೆಪಾಸಿಟರ್ ಒಳ್ಳೇದು ಅಂತಲೇ ಹೇಳುತ್ತೆ. ಮೀಟರ್ ಕೊಡೋದು ಕೆಲವೇ ವೋಲ್ಟ್. ಹೊರಗೆ ತೆಗೆದು 300 ವೋಲ್ಟ್ ಕೊಟ್ಟು, ಹೇರ್ ಡ್ರೈಯರಿನ ಬಿಸಿಗಾಳಿ ಬಿಟ್ಟಾಗ ಸೋರಿಕೆ ಕಣ್ಣಿಗೆ ಕಂಡಿತು. ಗ್ರಿಡ್ ರೆಸಿಸ್ಟರ್ 2.2 ಮೆಗಾ ಓಮ್ ಇರುವಾಗ ಎರಡು ಮೈಕ್ರೋ ಆಂಪ್ ಸೋರಿದರೂ ನಾಲ್ಕು ವೋಲ್ಟ್ ಮೇಲೇ ಆಗುತ್ತೆ. ಮೈ ಮೇಲೆ 630 ವೋಲ್ಟ್ ಅಂತ ಅಚ್ಚು ಹಾಕಿ ಇಂಥ ಮಾಲು ಮಾರೋ ಅಂಗಡಿಯವರಿಗೆ ಏನನ್ನಬೇಕು? ಫೋನ್ ಮಾಡಿದರೆ ‘ಹಳೇ ಟಿವಿ ಯಾಕೆ ಸರ್, ಎಲ್‌ಇಡಿ ತಗೊಳ್ಳಿ’ ಅಂತಾರೆ. ಅದೇ ಪೊಟ್ಟಣದಲ್ಲಿ ಬಂದವನ್ನೆಲ್ಲ ಕಿತ್ತು, 1000 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದ್ದೇನೆ. ಈಗ ಉರಿಬಿಸಿಲಿನ ಮಧ್ಯಾಹ್ನವೂ ಪಿಕ್ಚರ್ ಕದಲುತ್ತಿಲ್ಲ. ನೋಡ್ತಾ ಕೂತರೆ ಏಳೋಕೆ ಮನಸ್ಸಾಗಲ್ಲ.

ಅನಲಾಗ್ ಪ್ರಸಾರ ನಿಂತಿದೆಯಲ್ಲ, ಹಾಗಾಗಿ ಸೆಟ್‌ಟಾಪ್ ಬಾಕ್ಸಿನಿಂದ ಮಾಡ್ಯುಲೇಟರ್ (ಬಾಕ್ಸಿನ ಸಿಗ್ನಲನ್ನು ಹಳೇ ಟಿವಿ ಚಾನೆಲ್ಲಾಗಿ ಬದಲಿಸೋ ಡಬ್ಬಿ) ಮೂಲಕ ಚಂದನ ನೋಡ್ತಿದ್ದೇನೆ. ಮಾಡ್ಯುಲೇಟರ್ ಕೊಳ್ಳೋರು ಸೌಂಡ್ 5.5 ಮೆಗಾಹರ್ಟ್ಸ್ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಮುಂದಿನ ಕೆಲಸವೂ ತಲೆಗೆ ಹೊಕ್ಕಿದೆ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದಿಂದ ನಮ್ಮ ಜಿಲ್ಲೆಯ ಹಳ್ಳಿಗಳಿಗೂ, ರಾಯಚೂರು, ವಿಜಯಪುರದ ಹಳ್ಳಿಗಳಿಗೂ ನೇರವಾಗಿ ಟಿವಿ ಬರುತ್ತಿತ್ತು. ಆ ಸೆಟ್‌ಗಳೂ ಇಸಿಐಎಲ್‌ನವೇ. ಪ್ರಸಾರ 860 ಮೆಗಾಹರ್ಟ್ಸಿನಲ್ಲಿ, ಅದನ್ನು ಹಿಡಿಯೋಕೆ ಕೋಳಿ ಜಾಳಿಗೆಯ ಮೂರು ಮೀಟರ್ ಡಿಶ್. ಅಂಥದ್ದೊಂದು ಡಿಶ್ ಮಾಳಿಗೆ ಮೇಲೆ ಕಟ್ಟಬೇಕು. ಯಾರ ಊರಿನ ಶಾಲೆಯಲ್ಲಾದರೂ ಅದರ ಹಳೇ ಚೌಕಟ್ಟು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ನನಗೆ ಹೇಳಿ. ಅಳತೆ ತಗೊಳ್ಳೋಕೆ ಬರ್ತೀನಿ.