ಮೂಲ ಹುಡುಕುವ ಕೆಲಸ

ರಿಸರ್ಚ್ ಪೇಪರ್ ಬರೆಯುವುದಕ್ಕಿಂತ ಅದರ ಆಕರಗಳನ್ನು ಸರಿಯಾಗಿ ಹಾಕುವುದೇ ಜಾಸ್ತಿ ಹೊತ್ತು ಹಿಡಿಯುತ್ತಿದೆ. ಬರಹದ ನಡುವೆ ಆಕರ ಸೂಚಿಸುವಾಗ, ಮನಶ್ಶಾಸ್ತ್ರದವರು ಬಳಸುವ ಎಪಿಎ ಶೈಲಿಯಲ್ಲಿ ಲೇಖಕರ ಹೆಸರಿನ ಜೊತೆಗೇ ವರ್ಷ ಬರಬೇಕು. ಸಾಹಿತ್ಯದವರ ಎಂಎಲ್ಎ ಶೈಲಿಯಲ್ಲಿ ಹೆಸರು, ಪುಟಸಂಖ್ಯೆ ಸಾಕು. ಮೊದಮೊದಲು ಸುಮ್ನೆ ಹಠ ಅನ್ನಿಸುತ್ತದೆ. ಆದರೆ ಮನಶ್ಶಾಸ್ತ್ರದವರಿಗೆ ಸಂಶೋಧನೆ ಎಷ್ಟು ಹಳೆಯದು ಅನ್ನುವುದು ಮುಖ್ಯ, ಸಾಹಿತ್ಯದವರಿಗೆ ಆ ಸಾಲು ಯಾವ ಪುಟದಲ್ಲಿದೆ ಅನ್ನುವುದು. ನ್ಯಾಯವಾಗಿದೆ ಅಲ್ವಾ?

ಇವತ್ತು ಒಂದು ವಾಕ್ಯದ ಬೆನ್ನು ಹತ್ತಿದ್ದೆ. ಇತ್ತೀಚಿನ ಲೇಖನಗಳೆಲ್ಲ ಒಂದನ್ನೊಂದು ನೋಡಿ ಅದನ್ನೇ ಎತ್ತಿಕೊಂಡಿವೆ. ಕೊನೆಗೆ ಮೂಲ ಸಿಕ್ಕಿತು. ಅಲ್ಲಿ ಮಾತನಾಡಿದ್ದು ಒಂದೇ ಕಾಲೇಜಿನ ಸಣ್ಣ ಗುಂಪಿನ ಬಗ್ಗೆ. ದಾರಿಯಲ್ಲಿ ಅದು ‘ಇಂದಿನ ಯುವಜನ’ ಆಗಿಬಿಟ್ಟಿದೆ!

ವಿಕಿಪೀಡಿಯವನ್ನು ಆಕರವಾಗಿ ಕೊಟ್ಟರೆ ಮೇಷ್ಟ್ರುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಮೂಲ ಹುಡುಕಲು ಅದರ ಕೆಳಗಿನ ಉಲ್ಲೇಖಪಟ್ಟಿಯಂಥ ಆರಂಭ ಇನ್ನೊಂದಿಲ್ಲ. ಲೇಖನದ ಡಿಒಐ, ಅಂದರೆ ಅದಕ್ಕೇ ಮೀಸಲಾದ ಶಾಶ್ವತ ಗುರುತಿನ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಲಿಂಕ್ ಸತ್ತರೂ ಸಾಮಾನ್ಯವಾಗಿ ಆ ಸಂಖ್ಯೆ ಲೇಖನದ ಹತ್ತಿರ ಕರೆದೊಯ್ಯುತ್ತದೆ. ಆಕರಗಳನ್ನು ಜೋಡಿಸಿಡುವ ಝೊಟೆರೊ ಎಂಬ ತಂತ್ರಾಂಶಕ್ಕೆ ಅದನ್ನು ಕೊಟ್ಟರೆ ಉಳಿದ ವಿವರ ತಾನೇ ತುಂಬಿಕೊಳ್ಳುತ್ತದೆ. ಆಮೇಲೂ ಒಮ್ಮೆ ಕಣ್ಣಾಡಿಸಬೇಕು. ಲೇಖಕರ ಹೆಸರು ಹಿಂದುಮುಂದಾಗಿರುತ್ತದೆ, ಸಂಚಿಕೆಯ ಸಂಖ್ಯೆ ಮಾಯವಾಗಿರುತ್ತದೆ. ಸದ್ಯ ಅದನ್ನೇ ತಿದ್ದುತ್ತಾ ಕೂತಿದ್ದೇನೆ.